ನೂರರ ಷೇರು ನಲವತ್ತಕ್ಕೆ: ಪೆಟ್ಟಿಗೆ ತೆರೆಯುವವರಿಗೂ ಅದೇ ಬೆಲೆಯೇ?

ಷೇರುಪೇಟೆ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಿಗೆ,

ಮಾನ್ಯರೇ,

ನೂರು ಬೆಲೆಬಾಳುವ ಆಸ್ತಿಯನ್ನು ನಲವತ್ತಕ್ಕೆ ಕೊಂಡುಕೊಳ್ಳಲು ನೀವು ಒಂದು ಮನೆತನಕ್ಕೆ ಅನುಮತಿ ಕೊಟ್ಟಿದ್ದೀರಿ. ಆ ಆಸ್ತಿಯಲ್ಲಿ ಒಂದು ಚೂರು ನನ್ನ ತಂಗಿಯದು.

ನಮ್ಮಪ್ಪ ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುತ್ತಿದ್ದವರು. ಕಾರ್ಖಾನೆಯ ಅರ್ಧಕ್ಕಿಂತ ಹೆಚ್ಚು ಷೇರುಗಳು ಮಾಲೀಕರ ಮನೆತನದ ಹಿಡಿತದಲ್ಲಿರುವ ಒಂದು ಹೋಲ್ಡಿಂಗ್ ಕಂಪನಿಯಲ್ಲಿವೆ. ಆ ಕಂಪನಿ ಏನನ್ನೂ ತಯಾರಿಸುವುದಿಲ್ಲ. ಷೇರುಗಳನ್ನು ಇಟ್ಟುಕೊಂಡು ಕೂತಿರುವುದೇ ಅದರ ಕಸುಬು. ಅದರ ಒಂದೊಂದು ಷೇರಿನ ಹಿಂದೆ ನೂರು ಬೆಲೆಯ ಕಾರ್ಖಾನೆ ಷೇರುಗಳಿದ್ದರೂ ಪೇಟೆಯಲ್ಲಿ ಅದು ಬಿಕರಿಯಾಗುತ್ತಿದ್ದುದು ನಲವತ್ತಕ್ಕೆ. ಇದನ್ನು ಕಂಡ ಅಪ್ಪನಿಗೆ ಹಿಗ್ಗೋ ಹಿಗ್ಗು. ಜೊತೆಯವರೆಲ್ಲ ಕಾರ್ಖಾನೆಯ ಷೇರು ಕೊಂಡರೆ ಇವರು ಹೋಲ್ಡಿಂಗ್ ಕಂಪನಿಯದನ್ನು ಕೊಂಡರು. ನಾನು ಅನುಮಾನಿಸಿದಾಗ ನಕ್ಕರು: "ಇಂಗ್ಲಿಷ್ ಸ್ಕೂಲಿಗೆ ಸೇರಿಸಿದ್ದು ಇದಕ್ಕೇನಮ್ಮಾ? ನೂರರಲ್ಲಿ ನಲವತ್ತು ಕಳೆದ್ರೆ ಎಷ್ಟು, ಹೇಳು ನೋಡೋಣ. ಉಳಿದಿದ್ದೆಲ್ಲ ನಮ್ಮ ಪುಟ್ಟಿಗೆ."

ಪುಟ್ಟಿ ಎಂದರೆ ನನ್ನ ತಂಗಿ. ವಯಸ್ಸು ನಲವತ್ತರ ಹತ್ತಿರ ಬಂದಿದೆ, ಒಬ್ಬಳೇ ರಸ್ತೆ ದಾಟಲಾರಳು.

ಒಮ್ಮೆ ಆ ಕಂಪನಿಯ ಕಚೇರಿಗೂ ಹೋಗಿದ್ದೆ. ಝೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ, ಒಂದು ಬೀರು, ಒಬ್ಬ ಗುಮಾಸ್ತರು. "ಇಲ್ಲಿ ಏನು ನಡೆಯುತ್ತೆ ಸಾರ್?" ಎಂದೆ. "ಫ್ಯಾನ್ ನಡೆಯುತ್ತೆ ಮೇಡಂ, ಕರೆಂಟ್ ಇದ್ರೆ."

ಪೇಟೆ ಮೋಸ ಮಾಡಿತು ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ಲಾಭ ಈ ಕೋಣೆಯನ್ನು ದಾಟಿ ನಮ್ಮ ಕೈಸೇರುವಷ್ಟರಲ್ಲಿ ತೆರಿಗೆ, ಖರ್ಚು ಎಂದು ಸವೆದಿರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಒಳಗಿನ ಷೇರುಗಳನ್ನು ಮಾಲೀಕರು ಎಂದೂ ಮಾರುವುದಿಲ್ಲ, ಮಾರಿಸುವ ಶಕ್ತಿ ನಮ್ಮಂಥವರಿಗಿಲ್ಲ. ತೆರೆಯದ ಪೆಟ್ಟಿಗೆಯೊಳಗಿನ ವಸ್ತುವಿಗೆ ಯಾರು ತಾನೇ ಪೂರ್ತಿ ಬೆಲೆ ಕೊಟ್ಟಾರು? ಅಪ್ಪ ಅಗ್ಗವೆಂದು ಕೊಂಡದ್ದನ್ನು ಅಗ್ಗವಾಗಿಯೇ ಮಾರಬೇಕಾಗಿ ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಆದರೆ ಈಗ ಮಾಲೀಕರು ಪೆಟ್ಟಿಗೆಯನ್ನೇ ತೆರೆಯುತ್ತಿದ್ದಾರೆ. ಹೋಲ್ಡಿಂಗ್ ಕಂಪನಿಯನ್ನು ಪೇಟೆಯಿಂದ ಹಿಂತೆಗೆದು, ನಮ್ಮಂಥವರ ಷೇರುಗಳನ್ನು ಕೊಂಡು, ಆಮೇಲೆ ಅದನ್ನು ಮುಚ್ಚಿ, ಕಾರ್ಖಾನೆಯ ಷೇರುಗಳನ್ನು ನೇರವಾಗಿ ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಾರಂತೆ. ನಮಗೆ ಸಿಗುವುದು ಪೇಟೆಯ ಸರಾಸರಿ, ಅದೇ ನಲವತ್ತು. ಪೆಟ್ಟಿಗೆಗೆ ಬೀಗ ಹಾಕಿದ್ದವರು ಅವರು, ತೆಗೆಯುತ್ತಿರುವವರೂ ಅವರೇ. ಬೀಗವಿದೆಯೆಂಬ ಕಾರಣಕ್ಕೆ ಬಿದ್ದ ಬೆಲೆಯ ಲಾಭವೂ ಅವರಿಗೇ ಏಕೆ? ಒಪ್ಪದವರು ಷೇರು ಇಟ್ಟುಕೊಳ್ಳಬಹುದು ಎಂದು ನಿಮ್ಮ ನಿಯಮ ಉದಾರವಾಗಿ ಹೇಳುತ್ತದೆ. ಪೇಟೆಯಲ್ಲೇ ಇಲ್ಲದ ಷೇರನ್ನು ಮಾರುವುದೆಲ್ಲಿ ಎಂದು ಮಾತ್ರ ಹೇಳುವುದಿಲ್ಲ.

ದೂರು ಕೊಟ್ಟೆ. "ಬೆಲೆ ನಿಯಮಾನುಸಾರವಾಗಿದೆ, ದೂರು ವಿಲೇವಾರಿಯಾಗಿದೆ" ಎಂದು ಉತ್ತರಿಸಿದಿರಿ. ನನ್ನ ತರ್ಕದಲ್ಲೇ ದೋಷವಿದೆಯೇ ಎಂದು ಹಲವು ಸಲ ಯೋಚಿಸಿದೆ. ಇರಬಹುದು. ಎಲ್ಲಿ ಎಂದು ತೋರಿಸುವ ಸೌಜನ್ಯವನ್ನಾದರೂ ನೀವು ತೋರಿಸಬೇಕಿತ್ತು.

ಪುಟ್ಟಿಯನ್ನು ಕೊನೆಯವರೆಗೂ ನೋಡಿಕೊಳ್ಳುವ ಒಂದು ವಸತಿ ಮನೆಯಿದೆ. ಅಲ್ಲಿ ಕಟ್ಟಬೇಕಾದ ಠೇವಣಿಗೆ ಷೇರಿಗೆ ನೂರರಂತೆ ಬಂದಿದ್ದರೆ ಸಾಕಾಗುತ್ತಿತ್ತು, ನಲವತ್ತರಂತೆ ಬಂದರೆ ಸಾಲದು. ನೋಡಲು ಕರೆದೊಯ್ದ ದಿನ ಅವಳು ಕಿಟಕಿ ಪಕ್ಕದ ಮಂಚದ ಮೇಲೆ ತನ್ನ ಸ್ವೆಟರ್ ಹಾಸಿ ಬಂದಳು. "ಇದು ನಂದು. ಯಾರೂ ಕೂತ್ಕೋಬಾರ್ದು, ಹೇಳಕ್ಕಾ ಅವರಿಗೆ." ಮಂಚವನ್ನು ಈ ತಿಂಗಳ ಕೊನೆಯವರೆಗೆ ಖಾಲಿ ಇಡುತ್ತೇವೆ ಎಂದಿದ್ದಾರೆ. ಹಾಸಿಗೆ ಹಿಡಿದಿರುವ ಅಪ್ಪ ದಿನವೂ ಕೇಳುತ್ತಾರೆ, "ಎಷ್ಟಾಯ್ತಮ್ಮಾ ರೇಟು?" ನಾನು ಕಾರ್ಖಾನೆಯ ಷೇರಿನ ಬೆಲೆ ಹೇಳುತ್ತೇನೆ. ಅದು ಏರುತ್ತಲೇ ಇದೆ. ಅವರು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾರೆ.

ನನ್ನ ಬೇಡಿಕೆ ಒಂದೇ. ಮಾಲೀಕರೇ ಪೆಟ್ಟಿಗೆ ತೆರೆಯುವಾಗ ಒಳಗಿರುವುದರ ಬೆಲೆಯನ್ನೇ ಕೊಡಿಸಿ. ಆಗದಿದ್ದರೆ ನಿಮ್ಮವರೊಬ್ಬರನ್ನು ನಮ್ಮ ಮನೆಗೆ ಕಳುಹಿಸಿ. ಅಪ್ಪನಿಗೆ ಲೆಕ್ಕವನ್ನು ಹೇಗೋ ನಾನೇ ಹೇಳುತ್ತೇನೆ. ಆ ಸ್ವೆಟರನ್ನು ವಾಪಸು ತರಬೇಕೆಂದು ಪುಟ್ಟಿಗೆ ಹೇಳಲು ನನ್ನಿಂದಾಗದು.

ಇಂತಿ,
ನಿಮ್ಮ ಕಚೇರಿಯಲ್ಲಿ ಈಗಾಗಲೇ ವಿಲೇವಾರಿಯಾಗಿರುವ
ಒಬ್ಬ ಅಕ್ಕ