ಗೊಣಗಪ್ಪನ ಸದ್ದು

ಗುರುವಾರ, ಬೆಳಗಿನ ಜಾವ

ಪ್ರೀತಿಯ ಅಕ್ಕನಿಗೆ,

ಎರಡೂವರೆಗೆ ಎಚ್ಚರವಾಯಿತು. ಕರ್ರ್ ಕರ್ರ್ ಅಂತ ಸದ್ದು, ಹಿಂದೆಯೇ ತಗಡಿನ ಮೇಲೆ ಟಣ್ ಟಣ್ ಏಟು. ಕಳ್ಳರು ಬಂದರು ಅಂದುಕೊಂಡೆ. ನೋಡಿದರೆ ನಿನ್ನ ಗೊಣಗಪ್ಪ! ನೀನು ಆ ಪ್ಲೈವುಡ್ ರೋಬೋಟನ್ನು ಪುಟ್ಟಿಗೆಂದು ಮಾಡಿ ಕಳಿಸಿ ತಿಂಗಳಾದರೂ ತಲುಪಿತು ಅಂತ ಒಂದು ಸಾಲು ಬರೆಯಲಿಲ್ಲ, ಕ್ಷಮಿಸು. ಎಂಟು ತಿಂಗಳ ಕೂಸಿನ ತಾಯಿಗೆ ತಲೆ ಬಾಚಲೂ ಪುರುಸೊತ್ತಿಲ್ಲ. ರಾತ್ರಿ ಪಾಳಿಯಲ್ಲಿ ನಿನ್ನ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ, ಚಹಾ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಮೇಲ್ ನೋಡುತ್ತೀಯ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊಣಗಪ್ಪನ ತೋಳುಗಳ ಸರ್ವೋ ಮೋಟರುಗಳ ಬಗ್ಗೆ ಕಳಿಸುವ ಮೊದಲು ಫೋನಿನಲ್ಲಿ ನೀನು ಹೇಳಿಕೊಟ್ಟಿದ್ದು ನೆನಪಿದೆ. “ಇದು ಫ್ಯಾನಿನ ಹಾಗೆ ಸುಮ್ಮನೆ ಸುತ್ತಲ್ಲ ಕಣೇ. ಎಷ್ಟು ಡಿಗ್ರಿ ಅಂತೀಯೋ ಅಷ್ಟಕ್ಕೇ ತಿರುಗಿ ನಿಲ್ಲುತ್ತೆ. ಹೇಳಿದ ಮಾತು ಕೇಳೋ ಗಂಡನ ಥರ. ಎಲ್ಲಿ ಸಿಗ್ತಾನೆ ಅಂಥವನು!” ನಿನ್ನೆ ಸಂಜೆ ತೋಳು ಸೋತಂತಿತ್ತು, ಮೋಟರುಗಳಿಗೆ ಬೇರೆ ಬ್ಯಾಟರಿ ಕೊಟ್ಟೆ. ಅವನ್ನು ಆಡಿಸುವ ಬೋರ್ಡಿನ ಮೈನಸ್ ತಂತಿಯನ್ನೂ ಬ್ಯಾಟರಿಯ ಮೈನಸ್ ತಂತಿಯನ್ನೂ ಒಟ್ಟಿಗೆ ಸೇರಿಸಬೇಕು, ಇಲ್ಲದಿದ್ದರೆ ಮೋಟರು ಮಾತು ಕೇಳದೆ ತೋಚಿದಂತೆ ಕುಣಿಯುತ್ತೆ ಅಂತ ನೀನು ಬಡಿದುಕೊಂಡಿದ್ದೆ. ಅಷ್ಟರಲ್ಲಿ ಪುಟ್ಟಿ ಅತ್ತಳು, ಮರೆತು ಎದ್ದೆ. ಆಗ ಸತ್ತಂತೆ ಬಿದ್ದಿದ್ದವನು ನಡುರಾತ್ರಿ ದೆವ್ವ ಹಿಡಿದವನಂತೆ ತೋಳು ಬೀಸಿ, ತೊಟ್ಟಿಲ ಪಕ್ಕದ ತಗಡಿನ ಪೆಟ್ಟಿಗೆ ಬಾರಿಸತೊಡಗಿದ.

ಮೇಲಿನ ಮನೆಯವರು ನೆಲ ಕುಟ್ಟಿದರು. ಇವರು ಒಳಗಿನ ಕೋಣೆಯಿಂದ ಓಡಿ ಬಂದರು. “ನೋಡೇ, ಬೀದಿಯೆಲ್ಲ ಎದ್ದರೂ ನನ್ನ ಮಗಳು ಏಳಲಿಲ್ಲ. ಎಂಥಾ ಗಟ್ಟಿಗಿತ್ತಿ!” ಅಂತ ನಕ್ಕು ಹೋಗಿ ಮಲಗಿದರು. ನನಗೆ ನಗು ಬರಲಿಲ್ಲ. ಪೆಟ್ಟಿಗೆ ಅವಳ ತಲೆಯಿಂದ ಒಂದು ಗೇಣು ದೂರ ಅಕ್ಕಾ.

ಕೂಗಿದರೆ ಪುಟ್ಟಿ ತಿರುಗುವುದಿಲ್ಲ ಅಂತ ಮನೆಯಲ್ಲಿ ಹಿಂದೆಯೂ ಹೇಳಿದ್ದೆ. “ಓದಿದವರಿಗೆ ಇಲ್ಲದ ರೋಗ ಹುಡುಕೋದೇ ಕೆಲಸ” ಅಂದರು ಅತ್ತೆ. ನಾನೂ ಬಾಯಿ ಮುಚ್ಚಿಕೊಂಡೆ.

ತಂತಿ ಸೇರಿಸಿದೆ, ಗೊಣಗಪ್ಪ ಸಾಧುವಾದ. ದೀಪ ಹಾಕಿದೊಡನೆ ಪುಟ್ಟಿ ಕಣ್ಣು ಬಿಟ್ಟಳು. ಅವನನ್ನು ಅವಳ ಬೆನ್ನ ಹಿಂದಿಟ್ಟು ತಗಡಿನ ಮೇಲೆ ಒಂದು ಏಟು ಹಾಕಿಸಿದೆ. ಬೆಚ್ಚಿದ್ದು ನಾನು. ಅವಳು ಕಾಲ್ಬೆರಳು ಚೀಪುತ್ತಾ ನನ್ನನ್ನೇ ನೋಡಿದಳು. ಮತ್ತೊಂದು ಏಟು. “ಇನ್ನೂ ಅದರ ಜೊತೆ ಆಟಾನಾ?” ಅಂತ ಒಳಗಿನಿಂದ ಇವರು ಗದರಿದರು. ಆಮೇಲೆ ಪೆಟ್ಟಿಗೆ ಸರಿಸಿ ಅವನನ್ನು ಎದುರಿಗಿಟ್ಟೆ. ತೋಳನ್ನು ಒಂದೊಂದೇ ಡಿಗ್ರಿ ಎತ್ತಿಸಿ ಟಾಟಾ ಮಾಡಿಸಿದೆ. ಕೈಕಾಲು ಬಡಿದು ಕೇಕೆ ಹಾಕಿದಳು ನಿನ್ನ ಪುಟ್ಟಿ.

ನೀನು ಮಾಡಿದ ಆಟಿಕೆ ಚೆನ್ನಾಗಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಭಾವನಿಗೆ ನಮಸ್ಕಾರ, ನಿನ್ನ ಮಗನಿಗೆ ನನ್ನದೊಂದು ಮುತ್ತು. ದೇವರು ಅವನನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ

ಮುಗಿಸಿದ್ದೆ, ಆದರೆ ಇದನ್ನು ಬರೆಯದೆ ಇರಲಾರೆ. ದೀಪ ಆರಿಸಿ ಜೋಗುಳ ಹಾಡುವಾಗ ಪುಟ್ಟಿ ದಿನವೂ ನನ್ನ ಗಂಟಲ ಮೇಲೆ ಅಂಗೈ ಇಟ್ಟುಕೊಳ್ಳುತ್ತಾಳೆ. ಹಾಡು ನಿಲ್ಲಿಸಿದರೆ ತಟ್ಟುತ್ತಾಳೆ. ಅಮ್ಮನ ಮೇಲೆ ಎಷ್ಟು ಮುದ್ದು ಅಂತ ಬೀಗುತ್ತಿದ್ದೆ. ಈಗ ಕತ್ತಲಲ್ಲಿ ಹಾಡುತ್ತಲೇ ಆ ಕೈಯನ್ನು ಮೆಲ್ಲಗೆ ಸರಿಸಿದೆ. ನಾನು ಹಾಡು ನಿಲ್ಲಿಸಿರಲಿಲ್ಲ ಅಕ್ಕಾ. ಆದರೂ ಹಾಡು ನಿಂತಿತು ಅಂತ ಅವಳು ಅತ್ತಳು.

ಬೆಳಗಾದರೆ ಇವರು ಎದ್ದು ನನ್ನ ಮುಖ ನೋಡುತ್ತಾರೆ. ಆಗ ಹೇಳಲೇಬೇಕು. ಯಾವ ಡಾಕ್ಟರ ಹತ್ತಿರ ಹೋಗಬೇಕು ಹೇಳು, ಇಲ್ಲವೇ ನಿನಗೆ ಹುಚ್ಚು ಅಂತ ಬೈದಾದರೂ ಬಿಡು. ಆಫೀಸಿನ ಫೋನಿನಿಂದಾದರೂ ಸರಿ, ಬೆಳಕು ಹರಿಯುವ ಮುಂಚೆ ಫೋನ್ ಮಾಡೇ ಅಕ್ಕಾ. ನನ್ನ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೇನೆ.