ಬೆಟ್ಟದ ಸಾಮಿಗೆ ಇಟ್ಟ ಬೆಲ್ಲ

೧೭ ಫೆಬ್ರವರಿ ೨೦೨೪, ಶನಿವಾರ. ಕಂಬಂ ಮೇಲಿನ ಬೆಟ್ಟ, ಕೆರೆಯ ದಡ.

ಡೇರೆಯೊಳಗೆ ಟಾರ್ಚಿನ ಬೆಳಕಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಸೊಟ್ಟಗಾಗುತ್ತಿವೆ. ಮಗಳು ಅಮುದಾ ಕರೆದಳೆಂದು ಬೆನ್ನಿಗೆ ಮೂಟೆ ಕಟ್ಟಿಕೊಂಡು ಕೆರೆ ನೋಡಲು ಹತ್ತಿ ಬಂದೆ. ಇಲ್ಲಿ ಎಷ್ಟು ನಿಶ್ಶಬ್ದವೆಂದರೆ ನನ್ನ ಬಳೆಯ ಸದ್ದಿಗೆ ನಾನೇ ಬೆಚ್ಚುತ್ತೇನೆ.

ವಾಸನೆಗೆ ಆನೆ ಬರುತ್ತದೆ, ತಿನ್ನುವುದನ್ನೆಲ್ಲ ದೂರದ ಮರಕ್ಕೆ ಕಟ್ಟಬೇಕೆಂದು ದಾರಿ ತೋರಿಸುವ ಆಂಡಿ ಸಂಜೆಯೇ ಹೇಳಿದ್ದ. ಕಟ್ಟಿದೆವು. ಆದರೆ ಬೆಟ್ಟದ ಸಾಮಿಗೆ ಏನೂ ಕೊಡದೆ ಅವನ ನೆಲದಲ್ಲಿ ಮಲಗುವುದು ಹೇಗೆ? ಡೇರೆಯ ಹಿಂದೆ ಎಲೆ ಹಾಸಿ, ನಮ್ಮ ತೋಟದ ದ್ರಾಕ್ಷಿ, ಒಂದಚ್ಚು ಬೆಲ್ಲ ಇಟ್ಟು ಕೈಮುಗಿದೆ. ಯಾರಿಗೂ ಹೇಳಲಿಲ್ಲ.

ಕತ್ತಲಾದ ಮೇಲೆ ಆಚೆ ದಡದಲ್ಲಿ ಬಿದಿರು ಮುರಿಯಿತು. ಆನೆ ಎಂದ ಆಂಡಿ. ಆಗ ಬೆಲ್ಲದ ವಿಷಯ ಹೇಳಿಬಿಟ್ಟೆ.

"ಎನ್ನಕ್ಕಾ, ಏನ್ ಮಾಡ್ಬುಟ್ಟೆ ನೀನು! ಸಾಮಿಗಿಂತ ಮುಂದೆ ಆನೆ ಬಂದ್ಬುಡ್ತದೆ!" ಎಂದ ಆಂಡಿ.

"ಇಟ್ಟದ್ದ ತಿರುಗಿ ತಕ್ಕೊಂಡ್ರೆ ಸಾಮಿ ಕೋಪ ಮಾಡ್ಕೊಳ್ತಾನೆ," ಎಂದೆ.

"ಸಾಮಿ ತಿಂದಾಯ್ತವ್ವಾ, ಇನ್ನು ಅದು ಪ್ರಸಾದ," ಎನ್ನುತ್ತ ಅಮುದಾ ನನ್ನ ಹಿಡಿತ ಬಿಡಿಸಿಕೊಂಡು ಹೊರಗೆ ಹೋದಳು. ಎಲ್ಲವನ್ನೂ ಕೆರೆಗೆ ಬಿಟ್ಟ ಸದ್ದು ಕೇಳುವವರೆಗೆ ಡೇರೆಯ ಬಾಗಿಲಲ್ಲೇ ನಿಂತಿದ್ದೆ.

ಈಗ ಅವಳಿಗೆ ನಿದ್ದೆ ಬಂದಿದೆ. ಆಂಡಿ ಬೆಂಕಿಯ ಮುಂದೆ ಕೂತಿದ್ದಾನೆ. ಆದರೆ ಅವಳ ಕೈಗೆ ಬೆಲ್ಲದ ವಾಸನೆ ಹತ್ತಿದೆ. ಸೆರಗು ಒದ್ದೆ ಮಾಡಿ ಒರೆಸಿದೆ, ವಿಭೂತಿ ತಿಕ್ಕಿದೆ, ಹೋಗುತ್ತಿಲ್ಲ. ಬಿದಿರು ಮುರಿಯುವುದು ಈಗ ಈಚೆ ದಡದಲ್ಲೇ ಕೇಳುತ್ತಿದೆ. ಅವಳ ಕೈಯನ್ನು ನನ್ನ ಸೆರಗಿನೊಳಗೆ ಬಚ್ಚಿಟ್ಟಿದ್ದೇನೆ.

ಆನೆಮುಖದ ಪಿಳ್ಳೆಯಾರಪ್ಪಾ, ಎಲೆಯಲ್ಲಿದ್ದದ್ದೆಲ್ಲ ನಿನ್ನದೇ. ಮಗಳ ಈ ಕೈ ಮಾತ್ರ ನಾನು ನಿನಗೆ ಇಟ್ಟದ್ದಲ್ಲ.