ಒರೆಸಿಹೋದ ಬಿರುಕು

ಅಕ್ಕಾ,

ಭಾವನ ತಪ್ಪಿನಿಂದ ಎಣ್ಣೆಬಾವಿ ಸಿಡಿಯಿತೆಂಬ ಕಂಪನಿಯ ಕಾಗದಕ್ಕೆ ಸಹಿ ಹಾಕಬೇಡ. ವಕೀಲರಿಗೆ ಇಷ್ಟು ಹೇಳು: ಎಣ್ಣೆ ಸಲೀಸಾಗಿ ಹರಿಯಲೆಂದು ಬಾವಿಗೆ ಆಸಿಡ್ ಬಿಡುವ ಮೊದಲು ಅಲ್ಲಿನ ಬಂಡೆಯ ತುಂಡನ್ನು ಸ್ಕ್ಯಾನ್ ಮಾಡಿ, ಆಸಿಡ್ ಎತ್ತ ಕೊರೆಯುತ್ತದೆಂದು ಕಂಪ್ಯೂಟರಿನಲ್ಲಿ ನೋಡುವವಳು ನಾನು. ಈ ಬಾವಿಯ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಸ್ಕ್ಯಾನರಿನ ಗೀರೆಂದುಕೊಂಡು, ಚಿತ್ರ ಚೊಕ್ಕಟವಾಗಲೆಂದು ಒರೆಸಿಬಿಟ್ಟೆ. ಆಸಿಡ್ ಅದೇ ಬಿರುಕು ಹಿಡಿದು ಮೇಲಿನ ಅನಿಲದ ಪದರ ಮುಟ್ಟಿತು; ಅನಿಲ ನುಗ್ಗಿ ಬಾವಿ ಸಿಡಿದು ಭಾವ ಹೋಗಿಬಿಟ್ಟರು.

ಆಸಿಡ್ ಬಿಡುವ ಹಿಂದಿನ ದಿನ ಭಾವ ಆ ಬಂಡೆಯ ವಿಷಯ ಕೇಳಲು ಫೋನು ಮಾಡಿ, "ಹೇಗಿದಾನೆ ನಿನ್ನ ರೋಗಿ, ಡಾಕ್ಟ್ರಮ್ಮಾ?" ಎಂದಿದ್ದರು.

"ಗುಂಡುಕಲ್ಲಿನ ಹಾಗಿದಾನೆ, ಧೈರ್ಯವಾಗಿ ಆಸಿಡ್ ಬಿಡಿ ಭಾವ" ಎಂದಿದ್ದೆ.

ಒರೆಸುವ ಮೊದಲಿನ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಮೂಲೆಯಲ್ಲಿ ನನ್ನ ಸಹಿಯಿದೆ, ಮುಚ್ಚಿಡಬೇಡ.

ಬಂಡೆಯ ತುಂಡು ಕೊಡಲು ಬಂದ ದಿನ ಭಾವ ಊಟದ ಡಬ್ಬಿಯನ್ನು ಇಲ್ಲೇ ಮರೆತಿದ್ದರು. ತೊಳೆದಿಟ್ಟಿದ್ದೇನೆ. ತಂದುಕೊಡಲು ನನಗೆ ಮುಖವಿಲ್ಲ, ಯಾರನ್ನಾದರೂ ಕಳಿಸು.

ನಿನ್ನ ತಂಗಿ